ಮಹಡಿಯವರು ಸತ್ತರು, ಕೆಳಮನೆಯವರು ಉಳಿದರು

“ಕೈ ಹಾಕ್ಬೇಡ ಚಿಕ್ಕಮ್ಮ! ಬೆರಳು ಉದುರಿ ಬೀಳುತ್ತೆ!”

ನಾನು ಬೆರಳನ್ನು ಹಿಂದಕ್ಕೆಳೆದುಕೊಂಡೆ. ಟ್ಯಾಂಕಿನ ಬಾಯಿಂದ ಬಿಳಿ ಹೊಗೆ ಹೊರಳಿ ಬಂದು ನನ್ನ ಷೂಗಳ ಮೇಲೆ ಹರಿಯಿತು. ನೋಡಲು ಎಷ್ಟು ಚೆಂದವೆಂದರೆ, ಮುಟ್ಟದೆ ಇರುವುದು ನನ್ನಂಥವಳಿಗೆ ಕಷ್ಟ. ಮೂಗು ತೂರಿಸುವುದೇ ಕಸುಬಾದವಳು ಬೆರಳು ತೂರಿಸದೆ ಇರುತ್ತಾಳೆಯೇ?

“ಒಂದು ಉದುರಿದ್ರೆ ಮಿಕ್ಕವು ಇರುತ್ತೆ ಬಿಡು,” ಎಂದೆ.

“ನಿನ್ನ ತಮಾಷೆ ಆಮೇಲೆ. ಸಾಯಂಕಾಲ ದೊಡ್ಡ ಡಾಕ್ಟ್ರು ಮೀಟಿಂಗ್ ಕರೆದಿದ್ದಾರೆ. ನನ್ನನ್ನ ಮನೆಗೆ ಕಳಿಸೋ ಮೀಟಿಂಗು.”

ಇವಳು ನನ್ನ ಅಕ್ಕನ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಮನೆಯವರೆಲ್ಲ ಜೀರಿಗೆ ಎಂದು ಕರೆದೆವು. ಈಗ ನನಗಿಂತ ಒಂದು ಗೇಣು ಎತ್ತರವಾಗಿದ್ದಾಳೆ, ಹೆಸರು ಮಾತ್ರ ಹಾಗೇ ಇದೆ. ಮಕ್ಕಳಾಗದವರು ಬರುವ ಈ ಆಸ್ಪತ್ರೆಯ ಲ್ಯಾಬು ಅವಳ ರಾಜ್ಯ. ದಾನಿಗಳು ಕೊಟ್ಟ ವೀರ್ಯವನ್ನು ತೆಳ್ಳನೆಯ ಸ್ಟ್ರಾಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿ, ಈ ಟ್ಯಾಂಕಿನೊಳಗೆ ಇಡುತ್ತಾಳೆ. ಬೇಕಾದ ದಿನ ತೆಗೆದು ಕರಗಿಸಿ ಕೊಡುತ್ತಾಳೆ.

ಕಳೆದ ವಾರವಿಡೀ ತಡಕಾಡಿ ನಾನು ಕಂಡುಕೊಂಡದ್ದು ಇಷ್ಟೇ: ಟ್ಯಾಂಕಿನ ಬೀಗವನ್ನು ಯಾರೂ ಒಡೆದಿಲ್ಲ, ಆದರೂ ಒಳಗಿರುವ ವೀರ್ಯಾಣುಗಳು ಸಾಯುತ್ತಿವೆ.

“ಇನ್ನೊಂದ್ಸಲ ಹೇಳು. ದಡ್ಡಿಗೆ ಹೇಳೋ ಹಾಗೆ ಹೇಳು.”

ಜೀರಿಗೆ ಉಸಿರು ಬಿಟ್ಟಳು. “ಮೊದಲು ಇಲ್ಲಿ ಒಂದು ಮೆಷೀನ್ ಇತ್ತು. ಸ್ಟ್ರಾ ಇಟ್ಟು ಬಟನ್ ಒತ್ತಿದ್ರೆ, ಅದೇ ಮೆಲ್ಲಗೆ ಮೆಲ್ಲಗೆ ತಣ್ಣಗೆ ಮಾಡ್ತಾ ಹೋಗೋದು. ಅದು ಕೆಟ್ಟು ಕೂತ್ಕೊಂಡ್ತು. ಆಗ ನಾನು ಹೊಗೆ ವಿಧಾನ ಶುರು ಮಾಡಿದೆ. ಟ್ಯಾಂಕಲ್ಲಿರೋ ಕೊರೆಯೋ ದ್ರವ ನೈಟ್ರೋಜನ್ ಮೇಲೆ ಒಂದು ಜಾಲರಿ, ಜಾಲರಿ ಮೇಲೆ ಸ್ಟ್ರಾ. ಸ್ವಲ್ಪ ಹೊತ್ತು ಬರೀ ಹೊಗೇಲಿ ತಣ್ಣಗಾಗ್ಬೇಕು. ಆಮೇಲೆ ಒಳಗೆ ಮುಳುಗಿಸೋದು. ಅಷ್ಟೇ.”

“ಮೆಷೀನ್ ಇದ್ದಾಗ ಬಸಿರು ನಿಲ್ತಿತ್ತು, ಈಗ ನಿಲ್ತಿಲ್ಲ.”

“ಅದಕ್ಕೇ ಎಲ್ಲರೂ ನನ್ನ ಹೊಗೇನ ಬೈತಾರೆ! ಆದ್ರೆ ಪ್ರತಿಸಲ ಹೆಪ್ಪುಗಟ್ಟಿಸಿದ ಮಾರನೇ ದಿನ ಒಂದು ಸ್ಟ್ರಾ ಕರಗಿಸಿ ನೋಡ್ತೀನಿ ಚಿಕ್ಕಮ್ಮ. ಎಲ್ಲಾ ಚೆನ್ನಾಗಿ ಈಜ್ತಿರುತ್ವೆ. ಅದೇ ಒಂದೆರಡು ತಿಂಗಳು ಬಿಟ್ಟು ತೆಗೆದ್ರೆ ಮುಕ್ಕಾಲು ಪಾಲು ಸತ್ತು ಬಿದ್ದಿರುತ್ವೆ. ಎರಡು ವಿಧಾನದಲ್ಲೂ ಬಸಿರಾಗೋದು ಹೆಚ್ಚುಕಮ್ಮಿ ಒಂದೇ ಅಂತ ಓದಿದವರೆಲ್ಲ ಹೇಳ್ತಾರೆ. ನಮ್ಮಲ್ಲಿ ಮಾತ್ರ ಯಾಕೆ ಹೀಗೆ?”

ಅವಳ ಕಣ್ಣಂಚು ಒದ್ದೆಯಾಗಿತ್ತು. ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಕೋಪ ಪತ್ತೇದಾರರಿಗೆ ಬಲು ಉಪಯುಕ್ತ.

“ಆ ಡಬ್ಬಿ ಎತ್ತು, ನೋಡೋಣ.”

ಉದ್ದ ಹಿಡಿಯ ಒಂದು ಡಬ್ಬಿಯನ್ನು ಅವಳು ಟ್ಯಾಂಕಿನ ಕತ್ತಿನ ತನಕ ಮಾತ್ರ ಎತ್ತಿದಳು. ನಾನು ಬಗ್ಗಿ ಇಣುಕಿದೆ. ಸ್ಟ್ರಾಗಳು ಎರಡು ಹಂತದಲ್ಲಿ ನಿಂತಿದ್ದವು, ಒಂದರ ತಲೆಯ ಮೇಲೆ ಇನ್ನೊಂದು. ಪ್ರತಿ ಸ್ಟ್ರಾದ ತುದಿಗೂ ಒಂದೊಂದು ಬಣ್ಣದ ಬಿರಡೆ. ದಾನಿಗಳ ಹೆಸರು ಯಾರಿಗೂ ತಿಳಿಯಬಾರದಲ್ಲ, ಅದಕ್ಕೆ ಹಸಿರು ದಾನಿ, ನೀಲಿ ದಾನಿ, ಕೇಸರಿ ದಾನಿ ಎಂದೇ ಮಾತು.

“ಇದು ಮಹಡಿ ಮನೆ ಇದ್ದ ಹಾಗಿದೆಯಲ್ಲೇ.”

“ನಾವೂ ಹಾಗೇ ಅಂತೀವಿ. ಮೇಲಿರೋದು ಮಹಡಿ, ಕೆಳಗಿರೋದು ಕೆಳಮನೆ.”

“ತೆಗೆಯೋವಾಗ ಯಾವುದನ್ನ ಮೊದಲು ತೆಗೀತೀಯ?”

“ಮಹಡೀದೇ. ಅದು ಖಾಲಿಯಾದ ಮೇಲೆ ಕೆಳಮನೆ...” ಜೀರಿಗೆ ಅಲ್ಲಿಗೆ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

“ಹಸಿರು ದಾನೀದು ಬೇಕಾದಷ್ಟಿದೆ ಅಂದೆಯಲ್ಲ. ಒಂದೇ ದಿನ ತುಂಬಿದ್ದು, ಮಹಡೀದೊಂದು, ಕೆಳಮನೇದೊಂದು ತೆಗಿ,” ಎಂದೆ.

ಎರಡನ್ನೂ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಒಂದೊಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

ಮಹಡಿಯವರು ಚಾಪೆ ಹಾಸಿಕೊಂಡು ಮಲಗಿದ್ದರು. ಅಲ್ಲೊಂದು ಇಲ್ಲೊಂದು ಬಾಲ ಅಲ್ಲಾಡಿಸುತ್ತಿತ್ತು, ಅಷ್ಟೇ. ಕೆಳಮನೆಯವರೋ, ಗಂಟೆ ಹೊಡೆದೊಡನೆ ಶಾಲೆಯಿಂದ ಹೊರಬಿದ್ದ ಮಕ್ಕಳ ಹಾಗೆ ದಿಕ್ಕುದಿಕ್ಕಿಗೆ ಓಡುತ್ತಿದ್ದರು.

“ಅದೇ ದಿನ, ಅದೇ ಕೈ, ಅದೇ ಹೊಗೆ,” ಎಂದೆ. “ಒಂದು ಬದುಕಿದೆ, ಒಂದು ಸತ್ತಿದೆ. ನಿನ್ನ ವಿಧಾನದಲ್ಲಿ ಎಳ್ಳಷ್ಟೂ ತಪ್ಪಿಲ್ಲ ಕಣೇ.”

ಜೀರಿಗೆ ನನ್ನನ್ನು ಅಪ್ಪಿಕೊಂಡು ಒಂದು ಸುತ್ತು ಸುತ್ತಿಸಿದಳು. ನನ್ನ ಸೊಂಟ ಕಟಕ್ಕೆಂದಿತು. ಆದರೂ ಹಾಯಾಯಿತು.

“ಈಗ ಹೇಳು, ಮಹಡಿ ಮಾತ್ರ ಸಾಯ್ಬೇಕಾದ್ರೆ ಏನಾಗಿರ್ಬೇಕು?”

“ಬಿಸಿ ತಾಗಿರ್ಬೇಕು. ಯಾರಾದ್ರೂ ಡಬ್ಬೀನ ಟ್ಯಾಂಕಿನ ಕತ್ತಿಗಿಂತ ಮೇಲೆ ಎತ್ತಿ ಹಿಡ್ಕೊಂಡ್ರೆ ಮಹಡಿಗೆ ಮೊದಲು ರೂಮಿನ ಗಾಳಿ ತಾಗುತ್ತೆ. ಅರ್ಧಂಬರ್ಧ ಕರಗುತ್ತೆ. ವಾಪಸ್ ಇಳಿಸಿದ್ರೆ ಮತ್ತೆ ಹೆಪ್ಪುಗಟ್ಟುತ್ತೆ. ಹೊರಗಿಂದ ನೋಡೋಕೆ ಸ್ಟ್ರಾ ಹಾಗೇ ಇರುತ್ತೆ. ಒಳಗಿರೋವು ಸತ್ತಿರುತ್ವೆ.” ಅವಳು ತುಟಿ ಕಚ್ಚಿದಳು. “ಆದ್ರೆ ಒಂದ್ಸಲಕ್ಕೆ ಇಷ್ಟು ಹಾಳಾಗಲ್ಲ. ಮತ್ತೆ ಮತ್ತೆ ಎತ್ತಿರ್ಬೇಕು.”

“ಬೀಗದ ಕೈ ಯಾರ ಹತ್ರ ಇದೆ?”

“ನಂದೊಂದು. ಸಿಸ್ಟರ್ ಹತ್ರ ಒಂದು, ಹೊಗೆರಾಯನ ಹತ್ರ ಒಂದು. ದೊಡ್ಡ ಡಾಕ್ಟ್ರ ಹತ್ರ ಅಂತೂ ಎಲ್ಲಾ ಬೀಗದ್ದೂ ಇದೆ.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಕ್ಕ.

“ಏನೇ, ಆಯ್ತಾ? ನನ್ನ ಮಗಳ ಕೆಲಸ ಉಳೀತಾ?”

“ಅಕ್ಕಾ, ನಾನು ಪತ್ತೇದಾರಿ. ಮಂತ್ರ ಹಾಕೋಳಲ್ಲ.”

“ಅದೆಲ್ಲ ನಂಗೊತ್ತಿಲ್ಲ. ಎಷ್ಟು ಕಷ್ಟಪಟ್ಟು ಕಲಿತ ಕೆಲಸ ಅದು. ಅವಳ ಹೆಸರು ಕೆಟ್ಟರೆ ನಿನ್ನ ಜೊತೆ ಮಾತು ಬಿಡ್ತೀನಿ ನೋಡು. ಊಟ ಮಾಡಿದ್ಳಾ?”

ಮಾಡಿದ್ದಾಳೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಹೊಗೆರಾಯ ಎಂದರೆ ವಾರಕ್ಕೆರಡು ಸಲ ನೈಟ್ರೋಜನ್ ತಂದು ಟ್ಯಾಂಕು ತುಂಬುವವನು. ಲ್ಯಾಬಿನ ಹಿಂದಿನ ಬಾಗಿಲ ಬಳಿ ತಳ್ಳುಗಾಡಿ ನಿಲ್ಲಿಸಿಕೊಂಡು ಸಿಳ್ಳೆ ಹಾಕುತ್ತಿದ್ದ. ಪ್ರಶ್ನೆ ಕೇಳಿದರೆ ಬೆಚ್ಚುತ್ತಾನೇನೋ ಎಂದುಕೊಂಡಿದ್ದೆ. ಅವನು ಸಂತೋಷದಿಂದ ಗಾಡಿಯ ಮೇಲೇ ಕೂತುಬಿಟ್ಟ.

“ಡಬ್ಬಿ ಎತ್ತೋದಾ? ನಾನಾ? ಅಕ್ಕಾ, ನಾನು ಪೈಪ್ ಇಳಿಸ್ತೀನಿ, ತುಂಬಿಸ್ತೀನಿ, ಮುಚ್ಚಳ ಮುಚ್ತೀನಿ. ಡಬ್ಬಿ ಮುಟ್ಟೋ ಉಸಾಬರಿ ನಂಗ್ಯಾಕೆ? ಅದಿರ್ಲಿ, ನೀವು ಪತ್ತೇದಾರಿ ಅಲ್ವಾ? ನಂದೊಂದು ಕೇಸಿದೆ.”

“ಏನದು?”

“ನನ್ನ ಕೈಗವಸು. ಈ ದಪ್ಪ ನೀಲಿದು. ಶನಿವಾರ ಮಧ್ಯಾಹ್ನ ಇಲ್ಲೇ ಮೊಳೆಗೆ ನೇತು ಹಾಕಿ ಹೋಗ್ತೀನಿ. ಸೋಮವಾರ ಬಂದು ಹಾಕ್ಕೊಂಡ್ರೆ ಒಳಗೆಲ್ಲ ಸೆಂಟಿನ ವಾಸನೆ! ನನ್ನ ಹೆಂಡತಿ ಮೂರು ದಿನ ಮಾತಾಡ್ಲಿಲ್ಲ ಅಕ್ಕಾ. ಯಾರವಳು ಅಂತ ಕೇಳ್ತಾಳೆ. ಏನಂತ ಹೇಳ್ಲಿ?”

ನಾನು ಕೈಗವಸಿನೊಳಗೆ ಮೂಗಿಟ್ಟೆ. ಹೊಗೆರಾಯ ನನ್ನನ್ನು ಭಕ್ತಿಯಿಂದ ನೋಡಿದ. ಸೆಂಟು ದುಬಾರಿಯದು. ಮರದ ಪುಡಿಯಂಥ ವಾಸನೆ, ಅದರ ಹಿಂದೆ ಸ್ವಲ್ಪ ನಿಂಬೆ. ಹೆಂಗಸರು ಹಾಕಿಕೊಳ್ಳುವಂಥದಲ್ಲ.

“ನಿಮ್ಮ ಹೆಂಡತಿಗೆ ಹೇಳಿ, ಅವಳು ಯಾವಳೂ ಅಲ್ಲ, ಅವನು ಅಂತ,” ಎಂದೆ.

“ಅಯ್ಯೋ, ಅದನ್ನ ಹೇಳಿದ್ರೆ ಮನೇಗೇ ಸೇರಿಸಲ್ಲ!”

ಇನ್ನುಳಿದದ್ದು ಸಿಸ್ಟರ್. ಈ ಆಸ್ಪತ್ರೆಯ ಮೊದಲ ಇಟ್ಟಿಗೆಯ ಕಾಲದಿಂದ ಇರುವ ನರ್ಸಮ್ಮ. ಹೊಗೆ ವಿಧಾನವನ್ನು ಕಂಡರಾಗದು, ಮೆಷೀನು ಹೋದ ದಿನ ಅತ್ತಿದ್ದಳಂತೆ. ಜೀರಿಗೆಯನ್ನು ಓಡಿಸಲು ಇವಳೇ ಹೀಗೆ ಮಾಡುತ್ತಿರಬಹುದೇ ಎಂದು ನಾನು ಒಂದು ವಾರ ಅನುಮಾನದಿಂದ ನೋಡಿದ್ದೆ.

“ಶನಿವಾರ ಸಾಯಂಕಾಲ ಲ್ಯಾಬಿಗೆ ಯಾರು ಹೋಗ್ತಾರೆ ಸಿಸ್ಟರ್?”

“ಯಾರೂ ಇಲ್ಲಪ್ಪ,” ಎಂದವಳೇ ಕೈಯಲ್ಲಿದ್ದ ಫೋನನ್ನು ಕೋಟಿನ ಜೇಬಿಗೆ ತುರುಕಿದಳು. “ಜೀರಿಗೆ ಮಧ್ಯಾಹ್ನಕ್ಕೇ ಮನೆಗೆ ಹೋಗ್ತಾಳೆ. ಆಮೇಲೆ ಯಾರು ಹೋಗ್ತಾರೆ? ನಂಗೆ ಕೆಲಸ ಇದೆ.”

ಸುಳ್ಳು ಹೇಳುವುದು ಅಭ್ಯಾಸವಿಲ್ಲದವರು ಹೀಗೇ. ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಾರೆ, ಆಮೇಲೆ ಕೆಲಸ ನೆನಪಾಗುತ್ತದೆ.

ಹೊರಗಿನ ಹಾಲ್‌ನಲ್ಲಿ ಕುರ್ಚಿಗಳ ಸಾಲಿನ ಕೊನೆಗೆ ಟೀಚರ್ ಕೂತಿದ್ದರು. ಮಕ್ಕಳಿಗೆ ಲೆಕ್ಕ ಕಲಿಸುವವರು. ಗಂಡನಿಗೆ ವೀರ್ಯಾಣುಗಳೇ ಇಲ್ಲವೆಂದು ತಿಳಿದ ಮೇಲೆ, ಇಬ್ಬರೂ ಕೂತು ಮಾತಾಡಿ, ಇಲ್ಲಿಗೆ ಬಂದು, ನೀಲಿ ದಾನಿಯಿಂದ ಒಂದು ಹೆಣ್ಣುಮಗುವನ್ನು ಪಡೆದಿದ್ದರು. ಈಗ ಅದಕ್ಕೊಂದು ತಮ್ಮನೋ ತಂಗಿಯೋ ಬೇಕು, ಅದೂ ಅದೇ ನೀಲಿ ದಾನಿಯಿಂದ. ಹಿಂದಿನ ಪ್ರಯತ್ನಗಳೆಲ್ಲ ಕೈಕೊಟ್ಟಿದ್ದವು. ಈ ದಿನ ಕೊನೆಯದು.

“ನನ್ನ ಮಗಳನ್ನ ನೋಡಿ ಮೇಡಂ,” ಎಂದು ಫೋನು ಮುಂದೆ ಹಿಡಿದರು. ಹಲ್ಲು ಬಿದ್ದ ಬಾಯಿಯ ಹುಡುಗಿ, ತಲೆಯ ಮೇಲೆ ಪಾತ್ರೆ ಬೋರಲು ಹಾಕಿಕೊಂಡಿದ್ದಳು. “ತಂಗಿ ಬಂದ್ರೆ ಅವಳಿಗೂ ಒಂದು ಪಾತ್ರೆ ಎತ್ತಿಟ್ಟಿದಾಳೆ.”

ನಾನು ನಕ್ಕೆ. ಅವರು ಖುಷಿಯಿಂದ ಇನ್ನೂ ಕೆಲವು ಚಿತ್ರಗಳನ್ನು ಸರಿಸಿದರು. ಮಗಳು, ಗಂಡ, ಮಗಳು, ಬೆಕ್ಕು. ಆಮೇಲೆ ಬಂದ ಚಿತ್ರ ನೋಡಿ ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ.

“ಇದೇನಿದು?”

“ಅದಾ? ಶನಿವಾರದ್ದು! ಎಷ್ಟು ಚೆನ್ನಾಗಿದೆ ಅಲ್ವಾ? ದೊಡ್ಡ ಡಾಕ್ಟ್ರು ಎಲ್ಲರಿಗೂ ತೋರಿಸ್ತಾರೆ. ಬಂದ ಜೋಡಿಗಳನ್ನೆಲ್ಲ ಒಳಗೆ ಕರ್ಕೊಂಡು ಹೋಗಿ, ಧೈರ್ಯ ಹೇಳಿ... ಸಿಸ್ಟರ್ ಫೋಟೋ ತೆಗೀತಾರೆ. ನಾನಂತೂ ಅವತ್ತು ಅತ್ತೇಬಿಟ್ಟೆ.”

ಚಿತ್ರದಲ್ಲಿ ದೊಡ್ಡ ಡಾಕ್ಟರು ನಗುತ್ತಿದ್ದರು. ಕೈಯಲ್ಲಿ ದಪ್ಪ ನೀಲಿ ಕೈಗವಸು. ಆ ಕೈಯನ್ನು ತಲೆಗಿಂತ ಮೇಲೆ ಎತ್ತಿದ್ದರು. ಅದರಲ್ಲಿ ಡಬ್ಬಿ, ಡಬ್ಬಿಯ ಸುತ್ತ ಮೋಡದಂತೆ ಇಳಿಯುತ್ತಿರುವ ಹೊಗೆ. ಕೆಳಗೆ ಟೀಚರ್ ಮತ್ತು ಅವರ ಗಂಡ ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿದ್ದರು.

“ಈ ಶನಿವಾರದ ಕಾರ್ಯಕ್ರಮ ಯಾವಾಗಿಂದ?”

“ಆ ಹಳೇ ಮೆಷೀನ್ ತೆಗೆದ ಮೇಲೇನೇ. ಮೊದಲು ಒಳಗೆ ನಿಂತ್ಕೊಳ್ಳೋಕೆ ಜಾಗ ಎಲ್ಲಿತ್ತು?”

ನನಗೆ ಎಲ್ಲವೂ ಒಂದೇ ಏಟಿಗೆ ತಿಳಿದುಹೋಯಿತು. ಮೆಷೀನು ಹೋಯಿತು, ಜೀರಿಗೆಯ ಹೊಗೆ ಬಂತು. ಮೆಷೀನು ಹೋಯಿತು, ಜಾಗ ಖಾಲಿಯಾಯಿತು, ಜನ ಬಂದರು. ಎರಡೂ ಒಂದೇ ತಿಂಗಳು. ಹೆಸರು ಕೆಟ್ಟದ್ದು ಮಾತ್ರ ನಮ್ಮ ಹುಡುಗಿಯದು.

ನೇರ ಹೋಗಿ ಜಗಳ ಕಾಯಬಹುದಿತ್ತು. ಆದರೆ ಡಾಕ್ಟರುಗಳ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಕಣ್ಣಾರೆ ತೋರಿಸಬೇಕು.

ಜೀರಿಗೆಗೆ ವಿಷಯ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದಳು, ಆಮೇಲೆ ಕೆಲಸಕ್ಕಿಳಿದಳು. ನಿಜವಾದ ಸ್ಟ್ರಾಗಳನ್ನೆಲ್ಲ ಪಕ್ಕದ ಚಿಕ್ಕ ಟ್ಯಾಂಕಿಗೆ ಸಾಗಿಸಿ, ಡಬ್ಬಿಯಲ್ಲಿ ಬರೀ ನೀರು ತುಂಬಿದ ಸ್ಟ್ರಾಗಳನ್ನು ನಿಲ್ಲಿಸಿದಳು. ಮಹಡಿಯ ನಡುವೆ ಥರ್ಮಾಮೀಟರಿನ ಸಣ್ಣ ತಂತಿಯೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯ ಪುಟ್ಟ ಪರದೆಯನ್ನು ನನ್ನ ಕೈಗೆ ಕೊಟ್ಟು ತಾನು ಬಾಗಿಲ ಹಿಂದೆ ಅಡಗಿದಳು.

ದೊಡ್ಡ ಡಾಕ್ಟರು ಕೋಣೆಗೆ ಬರುವ ಮೊದಲೇ ಅವರ ನಗು ಬರುತ್ತದೆ, ನಗುವಿಗಿಂತ ಮೊದಲು ಸೆಂಟು. ಮರದ ಪುಡಿ, ನಿಂಬೆ.

“ಪತ್ತೇದಾರ್ ಮೇಡಂ! ಕಳ್ಳ ಸಿಕ್ಕಿದ್ನಾ?”

“ಹತ್ರ ಬಂದಿದೀನಿ ಡಾಕ್ಟ್ರೇ. ಅದಕ್ಕೆ ಮುಂಚೆ ನಂದೊಂದು ಆಸೆ. ನೀವು ಶನಿವಾರ ತೋರಿಸ್ತೀರಂತಲ್ಲ, ಆ ಹೊಗೆ. ನಂಗೂ ಒಂದ್ಸಲ ತೋರಿಸಿ.”

ಅವರ ಮುಖ ಅರಳಿತು. ನನಗೆ ಪಾಪ ಎನಿಸಿತು. ಒಳ್ಳೆಯ ಮನುಷ್ಯ ಎಂಬುದೇ ತೊಂದರೆ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

“ಯಾರು ಹೇಳಿದ್ರು ನಿಮ್ಗೆ? ಸರಿ, ಸರಿ. ಸಿಸ್ಟರ್! ಫೋನ್ ತಗೊಂಡು ಬನ್ನಿ!”

ಸಿಸ್ಟರ್ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಬಂದಳು. ಡಾಕ್ಟರು ಮೊಳೆಯಿಂದ ಹೊಗೆರಾಯನ ಕೈಗವಸು ತೆಗೆದು ತೊಟ್ಟರು. ಮುಚ್ಚಳ ಸರಿಸಿದರು. ಡಬ್ಬಿಯನ್ನು ಎತ್ತಿದರು. ಎತ್ತುತ್ತಲೇ ಹೋದರು, ತಲೆಗಿಂತ ಮೇಲಕ್ಕೆ.

ಹೊಗೆ ಸುರಿಯಿತು. ನನಗೂ ಒಂದು ಕ್ಷಣ ಮೈ ಜುಮ್ಮೆಂದದ್ದು ನಿಜ.

“ನೋಡಿ ಮೇಡಂ,” ಅವರ ದನಿ ಮೃದುವಾಯಿತು. “ಜನ ಇಲ್ಲಿಗೆ ಬರೋವಾಗ ತಲೆ ತಗ್ಗಿಸ್ಕೊಂಡು ಬರ್ತಾರೆ. ಏನೋ ತಪ್ಪು ಮಾಡಿದೀವಿ ಅನ್ನೋ ಹಾಗೆ. ಅವರಿಗೆ ನಾನು ಇದನ್ನ ತೋರಿಸ್ತೀನಿ. ಇದು ಬರೀ ಹೊಗೆ ಅಲ್ಲ. ಇದರೊಳಗೆ ಕಾಯ್ತಾ ಕೂತಿರೋದು ನಾಳಿನ ಸ್ಕೂಲ್ ಬ್ಯಾಗುಗಳು, ಮುರಿದ ಪೆನ್ಸಿಲ್ಲುಗಳು, ಗೋಡೆ ಮೇಲಿನ ಗೀಚುಗಳು...”

ನಾನು ಪರದೆ ನೋಡಿದೆ. ಸೊನ್ನೆಗಿಂತ ಇನ್ನೂರರ ಹತ್ತಿರ ಕೆಳಗಿದ್ದದ್ದು ನೂರೈವತ್ತಕ್ಕೆ ಬಂದಿತ್ತು.

“ಭಾಳ ಚೆನ್ನಾಗಿ ಹೇಳ್ತೀರ. ಇನ್ನೂ ಹೇಳಿ.”

ಅವರು ಇನ್ನೂ ಹೇಳಿದರು. ತಾವು ಈ ಕೆಲಸಕ್ಕೆ ಬಂದದ್ದು, ಮೊದಲ ಮಗು ಹುಟ್ಟಿದಾಗ ಅತ್ತದ್ದು. ಸಿಸ್ಟರ್ ಅಭ್ಯಾಸಬಲದಿಂದ, “ಸರ್, ಸ್ವಲ್ಪ ಎಡಕ್ಕೆ ತಿರುಗಿ. ಇನ್ನೊಂದು,” ಎಂದಳು. ಡಾಕ್ಟರು ಎಡಕ್ಕೆ ತಿರುಗಿದರು. ನೂರು. ಇನ್ನೊಂದು ಚಿತ್ರ. ಎಪ್ಪತ್ತು. ಅದರಲ್ಲಿ ಕಣ್ಣು ಮುಚ್ಚಿದ್ದೀರಿ ಎಂದು ಮತ್ತೊಂದು. ಇಪ್ಪತ್ತು.

“ಡಾಕ್ಟ್ರೇ, ಇದನ್ನ ಸ್ವಲ್ಪ ನೋಡ್ತೀರಾ?”

ಪರದೆಯನ್ನು ಅವರ ಮುಖದ ಮುಂದೆ ಹಿಡಿದೆ. ನಗು ಅವರ ಮುಖದ ಮೇಲೆ ಹಾಗೇ ಇತ್ತು. ಕಣ್ಣು ಮಾತ್ರ ಅಂಕಿಯನ್ನು ಓದಿತು, ತಂತಿಯನ್ನು ಹಿಂಬಾಲಿಸಿತು, ಡಬ್ಬಿಯ ಮಹಡಿಗೆ ಬಂದು ನಿಂತಿತು.

“ಎಲ್ಲಿದೆ ಈ ತಂತಿ?”

“ಮಹಡೀಲಿ. ಗಾಬರಿಯಾಗ್ಬೇಡಿ, ಇವತ್ತು ಅದರಲ್ಲಿರೋದು ಬರೀ ನೀರು. ಕಳೆದ ಶನಿವಾರ ಇದ್ದದ್ದು ನೀರಲ್ಲ. ಅದರ ಹಿಂದಿನ ಶನಿವಾರವೂ ಅಲ್ಲ.”

ಡಬ್ಬಿ ಸರ್ರನೆ ಕೆಳಗಿಳಿಯಿತು. ದೊಡ್ಡ ಡಾಕ್ಟರು ಸ್ಟೂಲಿನ ಮೇಲೆ ಕುಸಿದರು.

“ನಾನು... ಕ್ಷಣ ಮಾತ್ರ ಎತ್ತೋದು ಅಂತ...”

“ಕ್ಷಣ ಅಂತ ನಿಮಗನ್ಸುತ್ತೆ. ಭಾಷಣ ಮಾಡೋರಿಗೆ ಹೊತ್ತು ಹೋದದ್ದು ಗೊತ್ತಾಗುತ್ತಾ? ಕೇಳೋರನ್ನ ಕೇಳ್ಬೇಕು!” ನನ್ನ ಕೋಪಕ್ಕೆ ಈಗ ವಿಳಾಸ ಸಿಕ್ಕಿತ್ತು. “ಜನಕ್ಕೆ ಧೈರ್ಯ ಹೇಳೋಕೆ ಹೋಗಿ, ಅವರ ಆಸೇನೇ ಕರಗಿಸಿ ಮತ್ತೆ ಗಟ್ಟಿ ಮಾಡಿ ಇಟ್ಟಿದೀರ. ಅಪವಾದ ಮಾತ್ರ ಒಂದು ಹುಡುಗಿ ತಲೆ ಮೇಲೆ!”

ಸಿಸ್ಟರ್ ಗೊಳೋ ಎಂದು ಅಳತೊಡಗಿದಳು. “ನಾನೇ ಸರ್, ಇನ್ನೊಂದು ಫೋಟೋ, ಇನ್ನೊಂದು ಫೋಟೋ ಅಂತಿದ್ದೆ. ನಿಮ್ಮನ್ನ ಬಿಟ್ಟುಕೊಡಬಾರದು ಅಂತ ಬಾಯಿ ಮುಚ್ಕೊಂಡಿದ್ದೆ.”

ಬಾಗಿಲ ಹಿಂದಿನಿಂದ ಜೀರಿಗೆ ಬಂದಳು. ಡಾಕ್ಟರು ಎದ್ದು ನಿಂತರು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕದಾಗಿ ಕಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

“ತಪ್ಪಾಯ್ತು ಮಗಳೇ,” ಎಂದರು. “ಸಾಯಂಕಾಲದ ಮೀಟಿಂಗ್ ಇರುತ್ತೆ. ಎಲ್ಲರ ಎದುರು ಕ್ಷಮೆ ಕೇಳೋನು ನಾನು. ಬಸಿರು ನಿಲ್ಲದೆ ವಾಪಸ್ ಹೋದ ಜೋಡಿಗಳನ್ನೆಲ್ಲ ಒಬ್ಬೊಬ್ಬರನ್ನೇ ಕರೆಸಿ ನಿಜ ಹೇಳ್ತೀನಿ.”

ಜೀರಿಗೆ ಅಳುತ್ತಲೇ ನಕ್ಕಳು. ನನ್ನ ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗಾಯಿತು. ಅಕ್ಕನಿಗೆ ಫೋನು ಮಾಡಿ, “ಉಳೀತು!” ಎಂದಷ್ಟೇ ಕೂಗಿದೆ. ಅವಳು ಆ ಕಡೆಯಿಂದ ಇನ್ನೂ ಜೋರಾಗಿ ಕೂಗಿದಳು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

“ಟೀಚರ್ ಕಾಯ್ತಿದ್ದಾರೆ,” ಡಾಕ್ಟರು ಮೂಗೊರೆಸಿಕೊಂಡರು. “ನೀಲಿ ದಾನೀದು ಒಂದೇ ಉಳಿದಿದೆ ಅಂದಿದ್ದೆಯಲ್ಲ, ಎಲ್ಲಿದೆ ಅದು? ಮಹಡೀಲಾ?”

“ಕೆಳಮನೇಲಿತ್ತು ಸರ್. ಚಿಕ್ಕ ಟ್ಯಾಂಕಿಗೆ ಹಾಕಿದೀನಿ.”

“ಸದ್ಯ! ಬದುಕ್ದೆ. ಸಿಸ್ಟರ್, ಅವರನ್ನ ಒಳಗೆ ಮಲಗಿಸಿ. ಇದನ್ನ ಇವತ್ತು ನಾನೇ ಕರಗಿಸ್ತೀನಿ. ಇಷ್ಟಾದ್ರೂ ಮಾಡ್ಬೇಕು ನಾನು.”

“ಬೇಡ ಸರ್, ನಾನು ಮಾಡ್ತೀನಿ.”

“ನೀನು ಕೂತ್ಕೋ ಮಗಳೇ.”

“ಸರ್, ಪ್ಲೀಸ್. ನನ್ನ ಕೆಲಸ ಅದು.”

ನಾನು ಅವಳತ್ತ ತಿರುಗಿದೆ. ಈಗಷ್ಟೇ ನಗುತ್ತಿದ್ದ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಡಾಕ್ಟರು ಆಗಲೇ ಚಿಮುಟದಿಂದ ನೀಲಿ ಬಿರಡೆಯ ಸ್ಟ್ರಾವನ್ನು ತೆಗೆದು ಬೆಚ್ಚಗಿನ ನೀರಿಗೆ ಬಿಟ್ಟಿದ್ದರು. ಒಂದು ಹನಿ ಗಾಜಿನ ಮೇಲೆ ಬಿತ್ತು. ಅವರು ಕಣ್ಣಿಟ್ಟರು.

“ಆಹಾ! ಎಂಥಾ ಓಟ! ಇಂಥದ್ದನ್ನ ನೋಡಿ ಎಷ್ಟು ದಿನ ಆಯ್ತು!”

ಅವರು ತಲೆ ಎತ್ತಿ, ಉಳಿದದ್ದನ್ನು ಸಣ್ಣ ಗಾಜಿನ ಕೊಳವೆಗೆ ಸುರಿದು ಬೆಳಕಿಗೆ ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು.

“ಇದು ಯಾಕೆ ಹಳದಿ ಇದೆ?”

ನನಗೆ ತಲೆಬುಡ ತಿಳಿಯಲಿಲ್ಲ. “ಹಳದಿ ಇದ್ರೇನು?” ಎಂದೆ.

ಡಾಕ್ಟರು ನಿಧಾನವಾಗಿ ಹೇಳಿದರು. “ಹೆಪ್ಪುಗಟ್ಟಿಸೋವಾಗ ವೀರ್ಯಾಣುಗಳು ಸಾಯದೇ ಇರ್ಲಿ ಅಂತ ಒಂದು ದ್ರವ ಬೆರೆಸ್ತೀವಿ ಮೇಡಂ. ಮೆಷೀನ್ ಕಾಲದಲ್ಲಿ ಬೆರೆಸ್ತಿದ್ದದ್ದು ನೀರಿನ ಹಾಗೆ ತಿಳಿ. ಜೀರಿಗೆ ಹೊಗೆ ವಿಧಾನ ಶುರು ಮಾಡಿದ ಮೇಲೆ ಮೊಟ್ಟೆಯ ಹಳದಿ ಇರೋ ದ್ರವ ತರಿಸಿದ್ಳು. ನೀಲಿ ದಾನಿ ಕೊಟ್ಟದ್ದು ಟೀಚರ್ ಮಗಳು ಹುಟ್ಟೋಕೆ ಮುಂಚೆ. ಆಗ ಈ ಹಳದಿ ಈ ಕಟ್ಟಡದಲ್ಲೇ ಇರ್ಲಿಲ್ಲ.”

“ಹಳೇದನ್ನೇ ಕರಗಿಸಿ, ಹೊಸದಾಗಿ ಬೆರೆಸಿ...” ಎಂದು ನಾನು ಶುರು ಮಾಡಿದೆ.

“ಹಾಗೆ ಮಾಡಿದ್ರೆ ಒಂದೂ ಹೀಗೆ ಓಡಲ್ಲ. ಇದು ಹೊಸದು. ಈಚೆಗೆ ತುಂಬಿರೋದು.” ಅವರು ಜೀರಿಗೆಯತ್ತ ತಿರುಗಿದರು. ದನಿಯಲ್ಲಿ ನಗು ಎಂಬುದೇ ಇರಲಿಲ್ಲ. “ಈ ಆಸ್ಪತ್ರೇಲಿ ಹಳದಿ ತುಂಬೋ ಕೈ ಒಂದೇ.”

ಜೀರಿಗೆ ನನ್ನನ್ನು ನೋಡಿದಳು, ಅವರನ್ನಲ್ಲ.

“ನಾನೇ ತುಂಬಿದ್ದು ಚಿಕ್ಕಮ್ಮ. ನಿಜವಾದ ಕೊನೇ ಸ್ಟ್ರಾ ಹೋದ ಸಲಾನೇ ಮುಗೀತು. ಅದೂ ಸತ್ತಿತ್ತು. ಟೀಚರ್‌ಗೆ ಹೇಳೋಕೆ ಬಾಯಿ ಬರ್ಲಿಲ್ಲ.”

“ಅದಕ್ಕೆ ಬೇರೆಯವರದ್ದು ತುಂಬಿ ನೀಲಿ ಬಿರಡೆ ಹಾಕಿದ್ಯಾ?” ಈಗಷ್ಟೇ ತೊಳೆದ ಹೆಸರು. ಅಕ್ಕನಿಗೆ ಏನೆಂದು ಹೇಳಲಿ?

“ಬೇರೆಯವರದ್ದಲ್ಲ! ನನ್ನ ಮೇಲಾಣೆ, ಅದು ನೀಲಿ ದಾನೀದೇ.” ಅವಳು ಮುಂದೆ ಬಂದು ನನ್ನ ಕೈ ಹಿಡಿದಳು. “ಅವರೇ ಬಂದಿದ್ರು. ಅವರಾಗೇ ಬಂದು, ನಾನು ನಿಮ್ಮ ನೀಲಿ ದಾನಿ, ನನ್ನದು ಮುಗಿದಿರ್ಬೇಕು, ಇನ್ನೊಂದ್ಸಲ ಕೊಡ್ತೀನಿ ಅಂದ್ರು. ಟೀಚರ್ ಮಗಳು ಹುಟ್ಟಿದ ದಿನ ಕೂಡ ಅವರಿಗೆ ಗೊತ್ತಿತ್ತು. ಡಾಕ್ಟ್ರಿಗೆ ಹೇಳ್ಬೇಡಿ, ಬೈತಾರೆ ಅಂದ್ರು. ರಕ್ತಪರೀಕ್ಷೆ ಎಲ್ಲಾ ಮಾಡಿಸಿದೆ. ಎಲ್ಲಾ ಸರಿ ಇತ್ತು. ಹೇಳದೇ ಇದ್ದದ್ದು ತಪ್ಪು, ಒಪ್ಕೊಳ್ತೀನಿ. ಆದ್ರೆ ಮೋಸ ಮಾಡಿಲ್ಲ.”

ನಾನು ಅವಳನ್ನು ನಂಬಿದೆ. ಸುಳ್ಳು ಹೇಳುವಾಗ ಜೀರಿಗೆ ಕಿವಿ ಮುಟ್ಟಿಕೊಳ್ಳುತ್ತಾಳೆ. ಎರಡೂ ಕೈ ನನ್ನ ಕೈಯಲ್ಲಿದ್ದವು.

“ಸರಿ ಹಾಗಾದ್ರೆ,” ಎಂದು ಡಾಕ್ಟರತ್ತ ತಿರುಗಿದೆ. “ಹೇಳದೇ ಮಾಡಿದ್ದು ತಪ್ಪು. ಬೈದು ಬಿಡಿ. ದಾನಿ ಅವರೇ ಅಲ್ವಾ?”

ದೊಡ್ಡ ಡಾಕ್ಟರು ಕೊಳವೆಯನ್ನು ಮೇಜಿನ ಮೇಲಿಟ್ಟರು.

“ಸಾಧ್ಯವೇ ಇಲ್ಲ.”

“ಯಾಕೆ? ಮನುಷ್ಯ ಎರಡನೇ ಸಲ ಬರಬಾರದಾ?”

ಬಾಗಿಲು ಅರ್ಧ ತೆರೆಯಿತು. ಸಿಸ್ಟರ್ ಟ್ರೇ ಹಿಡಿದು ಇಣುಕಿದಳು. “ಟೀಚರ್ ರೆಡಿ ಸರ್. ಕರಗಿಸಿ ಆಯ್ತಲ್ಲ, ತಡ ಮಾಡಿದ್ರೆ ಹಾಳಾಗುತ್ತೆ. ತಗೊಂಡು ಹೋಗ್ಲಾ?”

ಡಾಕ್ಟರು ಅವಳನ್ನು ನೋಡಲಿಲ್ಲ. ಜೀರಿಗೆಯನ್ನೂ ನೋಡಲಿಲ್ಲ. ಗೋಡೆಗೆ ಹೇಳುವ ಹಾಗೆ ಹೇಳಿದರು.

“ಆಗ ಆಸ್ಪತ್ರೆ ಹೊಸದು, ದಾನಿಗಳೇ ಸಿಗ್ತಿರ್ಲಿಲ್ಲ. ಯಾರಿಗೂ ಹೇಳಿರ್ಲಿಲ್ಲ, ನನ್ನ ಹೆಂಡತಿಗೂ. ಆ ನೀಲಿ ದಾನಿ ನಾನೇ, ಮೇಡಂ.”